ಮಿಷನ್ ನಿಂತರೆ ಮೊದಲು ಯಾರಿಗೆ ಗೊತ್ತಾಗಬೇಕು?

ದೇವನಹಳ್ಳಿಯ ಫಾಕ್ಸ್‌ಕಾನ್, ಹೊಸಕೋಟೆಯ ವೋಲ್ವೊದಂಥ ಕಾರ್ಖಾನೆಗಳಲ್ಲಿ ಮಿಷನ್ ನಿಂತದ್ದನ್ನು ಗಮನಿಸಿ ಲೆಕ್ಕ ಇಡಲು ಇಂಜಿನಿಯರುಗಳ ತಂಡವೇ ಇರುತ್ತದೆ. ಈ ಲೇಖನ ಅವರಿಗಲ್ಲ. ಬಾಶೆಟ್ಟಿಹಳ್ಳಿಯಲ್ಲೋ ದಾಬಸ್‌ಪೇಟೆಯಲ್ಲೋ ಇಪ್ಪತ್ತು ಮೂವತ್ತು ಜನರನ್ನಿಟ್ಟುಕೊಂಡು ಘಟಕ ನಡೆಸುವವರಿಗೆ, ಅಲ್ಲಿನ ಸೂಪರ್‌ವೈಸರ್‌ಗಳಿಗೆ.

‘ಡಿಜಿಟಲ್ ಮಾಡಿಕೊಡುತ್ತೇವೆ’ ಎಂದು ಬರುವವರು ಮೊದಲು ಟ್ಯಾಬ್ಲೆಟ್, ಸಾಫ್ಟ್‌ವೇರ್ ತೋರಿಸುತ್ತಾರೆ. ಆತುರ ಬೇಡ. ಕೆಲಸ ಎಲ್ಲಿ ನಿಲ್ಲುತ್ತಿದೆ ಎಂದು ಮೊದಲು ನೋಡಿ. ಅದು ಬಹಳ ಸಲ ಹಿಂದೆ ಬೀಳುವುದು ಕೆಲಸಗಾರರ ಕೈ ನಿಧಾನ ಎಂದಲ್ಲ, ಅವರು ಕೈಕಟ್ಟಿ ಕಾಯಬೇಕಾಗುತ್ತದೆ ಎಂದು.

ಗಾರ್ಮೆಂಟ್ಸ್‌ನ ಒಂದು ಲೈನ್ ನೋಡಿ. ಕಾಲರ್ ಕೂರಿಸುವ ಮಿಷನ್ ಕೆಟ್ಟಿತು. ಟೈಲರ್ ಎದ್ದು ಸೂಪರ್‌ವೈಸರನ್ನು ಹುಡುಕಬೇಕು, ಅವರು ಮೆಕ್ಯಾನಿಕ್ಕನ್ನು ಹುಡುಕಬೇಕು. ಅಷ್ಟರಲ್ಲಿ ಮುಂದೆ ಕೂತು ತೋಳು ಹಚ್ಚುವವರ ಬಳಿ ಬಂಡಲ್ ಖಾಲಿ. ಸಂಜೆ ರಿಜಿಸ್ಟರಿನಲ್ಲಿ ‘ಟಾರ್ಗೆಟ್ ಆಗಿಲ್ಲ’ ಎಂದು ಬರೆಯುತ್ತಾರೆ. ಯಾಕೆ ಆಗಲಿಲ್ಲ ಎನ್ನುವುದಕ್ಕೆ ಕಾಲಮ್ಮೇ ಇಲ್ಲ.

ಇದಕ್ಕೆ ಸರಳ ಉಪಾಯ ‘ಆಂಡಾನ್’. ಅಂದರೆ ಮಿಷನ್ ಪಕ್ಕದಲ್ಲೊಂದು ಗುಂಡಿ, ಮೇಲೊಂದು ಬಣ್ಣದ ದೀಪ. ಗುಂಡಿ ಒತ್ತಿದರೆ ಕೆಂಪು ಹತ್ತುತ್ತದೆ, ಮೆಕ್ಯಾನಿಕ್ ನೇರವಾಗಿ ಬರುತ್ತಾರೆ. ಜಪಾನಿನ ಟೊಯೋಟಾ ಇದನ್ನು ಹೆಸರುವಾಸಿ ಮಾಡಿತು. ನಾಲ್ಕಾರು ಮಗ್ಗ ಒಬ್ಬರೇ ನೋಡಿಕೊಳ್ಳುವ ದೊಡ್ಡಬಳ್ಳಾಪುರದ ನೇಕಾರರಿಗೂ ಎಳೆ ಕಡಿದು ನಿಂತ ಮಗ್ಗ ಯಾವುದೆಂದು ದೂರದಿಂದಲೇ ತಿಳಿಯಲು, ಮಗ್ಗ ನಿಂತೊಡನೆ ತಾನೇ ಹತ್ತುವ ಇಂಥ ದೀಪ ಸಾಕು. ಬೆಲೆ ಒಂದೆರಡು ಸಾವಿರ ರೂಪಾಯಿಯ ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ದೀಪ ಕರೆಯುತ್ತದೆ, ಲೆಕ್ಕ ಇಡುವುದಿಲ್ಲ. ಲೆಕ್ಕಕ್ಕೆ ಗೂಗಲ್ ಫಾರ್ಮ್ ಸಾಕು; ದುಡ್ಡು ಕೊಡಬೇಕಿಲ್ಲ. ಫಾರ್ಮಿನಲ್ಲಿ ಮೊದಲ ಪ್ರಶ್ನೆ ಮಿಷನ್ ನಂಬರ್. ಎರಡನೆಯದು ನಿಂತ ಕಾರಣ: ಸೂಜಿ, ದಾರ, ಕಟಿಂಗ್ ಬಂದಿಲ್ಲ, ಕರೆಂಟ್ ಇಲ್ಲ. ಕೊನೆಯಲ್ಲಿ ‘ಸರಿಯಾಯಿತು’ ಎಂಬ ಆಯ್ಕೆಯೂ ಇರಲಿ. ಪ್ರತಿ ಕಾರಣಕ್ಕೂ ಚಿತ್ರ ಹಾಕಿ. ಒಡಿಶಾ, ಬಿಹಾರದಿಂದ ಬಂದವರೂ ಲೈನಿನಲ್ಲಿರುತ್ತಾರೆ, ಅವರಲ್ಲಿ ಹಲವರಿಗೆ ಕನ್ನಡ ಓದಲು ಬಾರದು. ಮಿಷನ್ ನಂಬರ್ ಮೊದಲೇ ತುಂಬಿಟ್ಟ ಲಿಂಕನ್ನು ಕ್ಯುಆರ್ ಕೋಡ್ ಮಾಡಿ (ಅದೇ, ಫೋನ್‌ಪೇಗೆ ಸ್ಕ್ಯಾನ್ ಮಾಡುವ ಚೌಕ) ಮಿಷನ್‌ಗೆ ಅಂಟಿಸಿ. ಲೈನಿಗೊಂದು ಫೋನ್ ತೂಗುಹಾಕಿದರಾಯಿತು. ನಿಂತಾಗ ಒಮ್ಮೆ ಸ್ಕ್ಯಾನ್, ರಿಪೇರಿ ಆದ ಮೇಲೆ ಮೆಕ್ಯಾನಿಕ್ ‘ಸರಿಯಾಯಿತು’ ಎಂದು ಇನ್ನೊಮ್ಮೆ. ಸಮಯ ತಾನಾಗಿಯೇ ಫಾರ್ಮಿಗೆ ಜೋಡಿಸಿದ ಗೂಗಲ್ ಶೀಟಿನಲ್ಲಿ ದಾಖಲಾಗುತ್ತದೆ. ವಾರ ಕಳೆದ ಮೇಲೆ ಕಾರಣವಾರು ಜೋಡಿಸಿ ನೋಡಿ. ಕಟಿಂಗ್ ತಡವಾಗುತ್ತಿದ್ದರೆ ಟೈಲರ್ ಮೇಲೆ ರೇಗಿ ಏನು ಪ್ರಯೋಜನ?

‘ನಮ್ಮ ಮೇಲೆ ಕಣ್ಣಿಡೋಕೆ ತಾನೇ ಇದು?’ ಎಂದು ಕೆಲಸಗಾರರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಫಾರ್ಮಿನಲ್ಲಿ ಹೆಸರು ಕೇಳಲೇಬೇಡಿ, ಮಿಷನ್ ನಂಬರ್ ಸಾಕು. ಟಾಯ್ಲೆಟ್‌ಗೆ ಹೋದ ಹೊತ್ತು ಅಳೆಯಲು ಹೊರಟರೆ ಸ್ಕ್ಯಾನ್ ಮಾಡುವುದನ್ನೇ ಬಿಡುತ್ತಾರೆ, ಮಾಡಿದ್ದೆಲ್ಲ ನೀರಲ್ಲಿ ಹೋಮ. ಗುಂಡಿ ಒತ್ತಿದವರನ್ನು ಬೈಯುವುದೂ ಬೇಡ.

ಇಷ್ಟು ರೂಢಿಯಾದ ಮೇಲೆ, ಮಿಷನ್ ನಿಂತ ಹೊತ್ತನ್ನು ತಾನಾಗಿಯೇ ದಾಖಲಿಸುವ ಸೆನ್ಸರ್ ಬೇಕೆನಿಸಬಹುದು. ನೆಲಮಂಗಲದಿಂದ ಬರುವ ತುಮಕೂರು ರಸ್ತೆಯಲ್ಲೇ, ಯಶವಂತಪುರದ ಬಳಿ ಕೇಂದ್ರ ಸರ್ಕಾರದ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಸಿಎಂಟಿಐ ಇದೆ. ಕಾರ್ಖಾನೆಗಳಿಗೆ ಹೊಸ ತಂತ್ರಜ್ಞಾನ ಪರಿಚಯಿಸುವ ‘ಸಮರ್ಥ್ ಉದ್ಯೋಗ್’ ಯೋಜನೆಯಡಿ ಅಲ್ಲಿ ಇಂಥ ತಂತ್ರಜ್ಞಾನದ ಪ್ರಾತ್ಯಕ್ಷಿಕೆ ಕೇಂದ್ರ ಮಾಡಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದೇ ಯೋಜನೆಯ ಇನ್ನೊಂದು ಕೇಂದ್ರವಿದೆ. ಮೊದಲೇ ವಿಚಾರಿಸಿಕೊಂಡು ಹೋಗಿ. ನಿಮ್ಮ ಶೀಟನ್ನು ಜೊತೆಗಿಟ್ಟುಕೊಳ್ಳಿ, ಸಾಧ್ಯವಾದರೆ ಹೆಚ್ಚು ಸಲ ನಿಲ್ಲುವ ಮಿಷನ್ ಮೇಲೆ ದಿನವೂ ಕೂರುವ ಟೈಲರನ್ನೂ ಕರೆದುಕೊಂಡು ಹೋಗಿ.