ಬೆಲೆ–ಗಳಿಕೆ ಅನುಪಾತ: ಒಂದು ಸಂಖ್ಯೆಯನ್ನು ಓದುವ ಬಗೆ

ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಗಣಿತವನ್ನು ಮರಾಠಿಯಲ್ಲಿ ಕಲಿತು ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗೆ ಷೇರುಪೇಟೆಯ ಸುದ್ದಿಯಲ್ಲಿ ಎರಡು ಪದಗಳು ತೊಡಕಾಗುತ್ತವೆ. ಮರಾಠಿಯ ‘ಗುಣೋತ್ತರ’ವೇ ಕನ್ನಡದ ‘ಅನುಪಾತ’. ಕನ್ನಡದಲ್ಲಿ ‘ಗುಣೋತ್ತರ’ವೆಂದರೆ ಒಂದು ಬಗೆಯ ಶ್ರೇಢಿ. ಮರಾಠಿಯಲ್ಲಿ ‘ಉತ್ಪನ್ನ’ವೆಂದರೆ ಆದಾಯ, ಕನ್ನಡದಲ್ಲಿ ತಯಾರಾದ ವಸ್ತು. ಆದುದರಿಂದ ಪತ್ರಿಕೆಗಳು ‘ಪಿ.ಇ.’ ಎಂದು ಬರೆಯುವ ಅಳತೆಗೆ ಕನ್ನಡದಲ್ಲಿ ‘ಬೆಲೆ–ಗಳಿಕೆ ಅನುಪಾತ’ ಎಂಬ ಹೆಸರೇ ಉಚಿತ.

ಷೇರಿನ ಬೆಲೆಯನ್ನು ಅದರ ಪಾಲಿಗೆ ಬರುವ ಒಂದು ವರ್ಷದ ನಿವ್ವಳ ಲಾಭದಿಂದ ಭಾಗಿಸಿದರೆ ಈ ಅನುಪಾತ ದೊರೆಯುತ್ತದೆ. ಹತ್ತು ಲಕ್ಷ ರೂಪಾಯಿಯ ಹೊಲ ಖರ್ಚು ಕಳೆದು ವರ್ಷಕ್ಕೆ ಐವತ್ತು ಸಾವಿರ ಕೊಟ್ಟರೆ ಅದರ ಅನುಪಾತ 20. ಕಾಲುವೆ ಬರಲಿದೆ ಎಂಬ ಸುದ್ದಿ ಹಬ್ಬಿದರೆ ಬೆಳೆ ಹೆಚ್ಚುವ ಮೊದಲೇ ಹೊಲದ ಬೆಲೆ ಏರುತ್ತದೆ, ಅನುಪಾತವೂ ಏರುತ್ತದೆ. ಬರ ಬಿದ್ದು ಆದಾಯ ಅರ್ಧಕ್ಕಿಳಿದರೆ, ಬೆಲೆ ಕದಲದಿದ್ದರೂ ಅದು 40 ಆಗುತ್ತದೆ. ಹೀಗೆ ಒಂದೇ ಏರಿಕೆಗೆ ಆಸೆಯೂ ಕಾರಣವಾಗಬಹುದು, ಸಂಕಟವೂ ಕಾರಣವಾಗಬಹುದು.

ಇದಕ್ಕೆ ಇನ್ಫೋಸಿಸ್ ಒಳ್ಳೆಯ ನಿದರ್ಶನ. 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ನೆಲೆ ಬದಲಿಸಿದ ಈ ಕಂಪನಿ 1993ರಲ್ಲಿ ತಲಾ 95 ರೂಪಾಯಿಗೆ ಷೇರುಗಳನ್ನು ಸಾರ್ವಜನಿಕರಿಗೆ ನೀಡಿತು. 2000ದ ಮಾರ್ಚ್ ಅಂತ್ಯಕ್ಕೆ ಅದರ ಎಲ್ಲ ಷೇರುಗಳ ಒಟ್ಟು ಬೆಲೆ ಸುಮಾರು 59,000 ಕೋಟಿ ರೂಪಾಯಿ. ಆ ವರ್ಷದ ಲಾಭ ಸುಮಾರು 293 ಕೋಟಿ. ಅನುಪಾತ 200ರಷ್ಟು! ಲಾಭ ಅಷ್ಟೇ ಉಳಿದಿದ್ದರೆ ಕೊಟ್ಟ ಬೆಲೆಯಷ್ಟು ಗಳಿಸಲು ಎರಡು ಶತಮಾನ ಬೇಕಾಗುತ್ತಿತ್ತು. ಲಾಭವು ಬಹುಬೇಗ ಬೆಳೆಯುವುದೆಂಬ ನಂಬಿಕೆಗೇ ಜನ ಅಷ್ಟು ಬೆಲೆ ತೆತ್ತಿದ್ದರು.

ನಂಬಿಕೆ ಹುಸಿಯಾಗಲಿಲ್ಲ. 2003ರ ಮಾರ್ಚ್ ವೇಳೆಗೆ ವಾರ್ಷಿಕ ಲಾಭ ಸುಮಾರು 957 ಕೋಟಿಗೆ, ಅಂದರೆ ಮೂರು ಪಟ್ಟಿಗೂ ಮಿಗಿಲಾಗಿ ಬೆಳೆಯಿತು. ಆದರೆ ಒಟ್ಟು ಬೆಲೆ ಸುಮಾರು 26,800 ಕೋಟಿಗೆ ಕುಸಿದು ಅನುಪಾತ 28ಕ್ಕೆ ಇಳಿಯಿತು. ಜಗತ್ತಿನಾದ್ಯಂತ ತಂತ್ರಜ್ಞಾನ ಷೇರುಗಳ ಉಬ್ಬರ ಇಳಿದಿತ್ತು. ಕಂಪನಿ ಗೆದ್ದಿತು, ಉಬ್ಬರದ ಬೆಲೆಗೆ ಕೊಂಡವನು ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡನು.

ಇಂದು ಸುಗ್ಗಿಯ ಹಣವನ್ನು ಮೊಬೈಲಿನಲ್ಲೇ ಷೇರಿಗೆ ಹಾಕಬಹುದಾದ್ದರಿಂದ ಈ ಭೇದವನ್ನು ಅರಿಯುವುದು ಅಗತ್ಯ. ಕಂಪನಿ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ. ಕೊಡುವ ಬೆಲೆ ತಕ್ಕದ್ದೇ ಎಂಬುದು ಇನ್ನೊಂದು. ಅನುಪಾತವನ್ನು ಒಂದು ದಿನದ ಅಂಕಿಯಾಗಿ ನೋಡದೆ ಹಲವು ವರ್ಷಗಳ ಸಾಲಿನಲ್ಲಿಟ್ಟು, ಬದಲಾದದ್ದು ಬೆಲೆಯೋ ಗಳಿಕೆಯೋ ಎಂದು ಬಿಡಿಸಿ ನೋಡಿದಾಗ ಮಾತ್ರ ಅದರ ಅರ್ಥ ತೆರೆದುಕೊಳ್ಳುತ್ತದೆ. ಪದದ ಅರ್ಥವೂ ಸಂದರ್ಭದಲ್ಲಿಯೇ ತಿಳಿಯುವಂಥದ್ದಲ್ಲವೆ?