ಓಟ ಮುಗಿಸಿದ ಉಗಿಬಂಡಿಗಳು

ರೈಲಿನ ಎಂಜಿನ್ನೊಂದು ಮುದಿಯಾದರೆ ಅದರ ಗತಿಯೇನು? ಬಹುಮಟ್ಟಿಗೆ ಅದನ್ನು ಕತ್ತರಿಸಿ ತೂಕದ ಲೆಕ್ಕದಲ್ಲಿ ಗುಜರಿಗೆ ಮಾರುತ್ತಾರೆ. ಕುಲುಮೆಯಲ್ಲಿ ಕರಗಿದ ಅದರ ಉಕ್ಕು ಬೇರೊಂದು ರೂಪ ತಾಳಿ ಮತ್ತೆ ನಮ್ಮ ನಡುವೆ ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಬೆಲೆಯುಳ್ಳ ಲೋಹವನ್ನು ಮತ್ತೆ ಬಳಸುವುದು ಜಾಣತನವೇ ಸರಿ. ಆದರೆ ಒಂದು ಜಾತಿಯ ಎಂಜಿನ್ನುಗಳೆಲ್ಲವೂ ಹೀಗೆ ಕಣ್ಮರೆಯಾದರೆ, ಅವನ್ನು ಕಟ್ಟಿದವರ ಮತ್ತು ನಡೆಸಿದವರ ಅರಿವೂ ಅವುಗಳೊಡನೆ ಕಣ್ಮರೆಯಾಗುತ್ತದೆ. ಉಕ್ಕನ್ನು ಗಣಿಯ ಅದಿರಿನಿಂದ ಮತ್ತೆ ಪಡೆಯಬಹುದು. ಮರೆತುಹೋದ ಅರಿವನ್ನು ಹಾಗೆ ಪಡೆಯಲಾಗದು. ರೈಲ್ವೆ ವಸ್ತುಸಂಗ್ರಹಾಲಯಗಳ ನಿಜವಾದ ಪ್ರಯೋಜನ ಇಲ್ಲಿದೆ. ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳಿಗೆ ಇಂತಹ ಸಂಸ್ಥೆಯೊಂದು ಈಗ ಊರಿನಲ್ಲಿಯೇ ಇದೆ.

ಬರಗಾಲದ ಬೆನ್ನಿಗೆ ಬಂದ ರೈಲು

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಬರಗಾಲವು ಪೀಡಿಸಿತು. ಒಂದು ಕಡೆಯ ಧಾನ್ಯವನ್ನು ಇನ್ನೊಂದು ಕಡೆಗೆ ಬೇಗ ಸಾಗಿಸುವ ಸಾಧನವಿಲ್ಲದೆ ಹೋದುದು ಜನರ ಸಂಕಟವನ್ನು ಹೆಚ್ಚಿಸಿತು. ಇದರಿಂದ ಪಾಠ ಕಲಿತು ಈ ಭಾಗದಲ್ಲಿ ರೈಲುಮಾರ್ಗ ಹಾಕಲು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯನ್ನು ಸ್ಥಾಪಿಸಲಾಯಿತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಬಂಡಿಗಳನ್ನು ದುರಸ್ತಿ ಮಾಡುವ ದೊಡ್ಡ ಕಾರ್ಯಾಗಾರ ಹುಬ್ಬಳ್ಳಿಯಲ್ಲಿ ತಲೆಯೆತ್ತಿತು. 1908ರಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡ ಮೇಲೆ ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಧಾರವಾಡದಲ್ಲಿ ಉಳಿದ ಆ ಭವ್ಯ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಿಗೆ ನೆಲೆಯಾಯಿತು.

ಅಂದು ಹಾಕಿದ ಮಾರ್ಗಗಳು ಮೀಟರ್‌ಗೇಜಿನವು. ಎಂದರೆ ಎರಡು ಕಂಬಿಗಳ ನಡುವಣ ಅಂತರ 1,000 ಮಿಲಿಮೀಟರ್. ಭಾರತದ ಬ್ರಾಡ್‌ಗೇಜಿನಲ್ಲಿ ಈ ಅಂತರ 1,676 ಮಿಲಿಮೀಟರ್. ಒಂದರ ಮೇಲಿನ ಬಂಡಿ ಇನ್ನೊಂದರ ಮೇಲೆ ಓಡಲಾರದು. ದೇಶದ ಮಾರ್ಗಗಳನ್ನೆಲ್ಲ ಬ್ರಾಡ್‌ಗೇಜಿಗೆ ತರುವ ಯೋಜನೆ 1992ರಲ್ಲಿ ಆರಂಭವಾದಾಗ ಹುಬ್ಬಳ್ಳಿಯ ಮಾರ್ಗಗಳೂ ಬದಲಾದವು. ಪ್ರಯಾಣಿಕರಿಗೆ ಅದು ದೊಡ್ಡ ಅನುಕೂಲ. ಆದರೆ ಒಂದು ಶತಮಾನಕ್ಕೂ ಹೆಚ್ಚು ಕಾಲ ದುಡಿದ ಮೀಟರ್‌ಗೇಜ್ ಬಂಡಿಗಳಿಗೆ ಓಡಲು ಇಲ್ಲಿ ನೆಲವೇ ಇಲ್ಲವಾಯಿತು.

ಗದಗ ರಸ್ತೆಯ ಸಂಗ್ರಹಾಲಯ

2003ರಲ್ಲಿ ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಮುಖ್ಯ ಕಚೇರಿಯಾಯಿತು. ಆ ವಲಯದ ವತಿಯಿಂದ ಗದಗ ರಸ್ತೆಯಲ್ಲಿ ರೈಲ್ವೆ ಆಸ್ಪತ್ರೆಯ ಎದುರಿಗೆ ನಿರ್ಮಿತವಾದ ವಸ್ತುಸಂಗ್ರಹಾಲಯವು 2020ರ ಆಗಸ್ಟ್ 9ರಂದು ಉದ್ಘಾಟನೆಗೊಂಡಿತು. ಉತ್ತರ ಕರ್ನಾಟಕದಲ್ಲಿ ಈ ಬಗೆಯದು ಇದೇ ಮೊದಲನೆಯದು. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯವು 1977ರಲ್ಲಿಯೂ, ಮೈಸೂರಿನದು 1979ರಲ್ಲಿಯೂ ಆರಂಭವಾಗಿದ್ದವು. ಮೈಸೂರಿನಲ್ಲಿ ಅರಸು ಮನೆತನದವರ ವೈಭವದ ಸಲೂನ್ ಗಾಡಿಯನ್ನು ಕಾಣಬಹುದು. ಹುಬ್ಬಳ್ಳಿಯಲ್ಲಿ 1907ರಲ್ಲಿ ಕಟ್ಟಿದ ಎರಡು ಹಳೆಯ ರೈಲ್ವೆ ಮನೆಗಳನ್ನೇ ಪ್ರದರ್ಶನಾಲಯಗಳನ್ನಾಗಿ ಮಾಡಿ, ಅವಕ್ಕೆ ಈ ನಾಡಿನ ಹೊಳೆಗಳಾದ ಮಲಪ್ರಭಾ, ಘಟಪ್ರಭಾ ಎಂಬ ಹೆಸರುಗಳನ್ನಿಟ್ಟಿದ್ದಾರೆ. ಹೊರಗಿನ ಅಂಗಳದಲ್ಲಿ ನ್ಯಾರೋಗೇಜಿನ ಬಂಡಿಗಳು ನಿಂತಿವೆ.

ಜಂಗಿನೊಡನೆ ಕಾಳಗ

ನಿಂತ ಬಂಡಿಗೆ ಕೆಲಸವಿಲ್ಲ, ಆದುದರಿಂದ ಸವೆತವೂ ಇಲ್ಲವೆಂದು ನಾವು ಭಾವಿಸಬಹುದು. ವಾಸ್ತವದಲ್ಲಿ ಓಡುವ ಎಂಜಿನ್ನಿಗಿಂತ ನಿಂತ ಎಂಜಿನ್ನನ್ನು ಕಾಪಾಡುವುದೇ ಕಷ್ಟ. ಓಡುವ ಎಂಜಿನ್ನನ್ನು ದಿನವೂ ಒರೆಸಿ, ಎಣ್ಣೆ ಹಾಕಿ, ಪರೀಕ್ಷಿಸುತ್ತಾರೆ. ನಿಂತುದರ ಮೇಲೆ ಗಾಳಿಯೂ ನೀರೂ ಸದ್ದಿಲ್ಲದೆ ಕೆಲಸ ನಡೆಸುತ್ತವೆ.

ಕಬ್ಬಿಣವು ನೀರಿನ ಸಹಾಯದಿಂದ ಗಾಳಿಯ ಆಮ್ಲಜನಕದೊಡನೆ ಸೇರಿದಾಗ ಆಗುವ ಪದಾರ್ಥವೇ ತುಕ್ಕು. ನಮ್ಮ ಕಡೆಯ ಮಾತಿನಲ್ಲಿ ಜಂಗು. ಆಮ್ಲಜನಕ, ನೀರು ಇವೆರಡರಲ್ಲಿ ಒಂದು ಇಲ್ಲದಿದ್ದರೂ ಅದು ಹುಟ್ಟಲಾರದು. ಆದುದರಿಂದ ಮುಂಗಾರಿನ ತಿಂಗಳುಗಳೇ ಅಪಾಯದ ಕಾಲ. ತುಕ್ಕಿಗೆ ಇನ್ನೊಂದು ದುರ್ಗುಣವಿದೆ: ತಾನು ತಿಂದ ಕಬ್ಬಿಣಕ್ಕಿಂತ ಅದು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ರಿವೆಟ್ ಬಡಿದು ಜೋಡಿಸಿದ ಎರಡು ತಗಡುಗಳ ಸಂದಿನಲ್ಲಿ ಅದು ಬೆಳೆದರೆ, ಬೆಣೆ ಹೊಡೆದಂತೆ ತಗಡುಗಳು ಬೇರ್ಪಡುತ್ತವೆ. ಹಿತ್ತಾಳೆಯು ಉಕ್ಕಿಗೆ ತಾಗಿರುವಲ್ಲಿ ತೇವ ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು ಉಕ್ಕು ಮತ್ತಷ್ಟು ಬೇಗ ಸವೆಯುತ್ತದೆ. ಮೇಲೆ ಚಾವಣಿ, ತುಕ್ಕನ್ನು ಕೆರೆದು ಬಳಿದ ಬಣ್ಣ, ಕೀಲುಗಳಿಗೆ ಗ್ರೀಸ್, ನೀರು ನಿಲ್ಲದಂತೆ ದಾರಿ—ಇವು ಸಾಧಾರಣ ಉಪಾಯಗಳಾಗಿ ಕಂಡರೂ ಇವನ್ನು ವರ್ಷವೂ ತಪ್ಪದೆ ನಡೆಸಬೇಕು.

ಎಂಜಿನ್ನನ್ನು ಮತ್ತೆ ಓಡಿಸಬೇಕೆಂದರೆ ಹೊಣೆ ಇನ್ನೂ ದೊಡ್ಡದು. ಸಾಧಾರಣ ಒತ್ತಡದಲ್ಲಿ ಒಂದು ಲೀಟರ್ ನೀರು ಕುದಿದು ಪೂರ್ತಿ ಉಗಿಯಾದರೆ ಸುಮಾರು 1,600 ಲೀಟರಿಗೂ ಹೆಚ್ಚಿನ ಜಾಗ ಬೇಡುತ್ತದೆ. ಈ ಹಿಗ್ಗುವಿಕೆಯನ್ನು ಬಂಧಿಸಿಡುವ ಬಾಯ್ಲರಿನ ತಗಡು ಒಂದೆಡೆ ತೆಳುವಾಗಿದ್ದರೂ ಪ್ರಾಣಾಪಾಯ ತಪ್ಪಿದ್ದಲ್ಲ. ಆದುದರಿಂದ ಬಾಯ್ಲರನ್ನು ಮೊದಲು ಉಗಿಯಿಂದಲ್ಲ, ಒತ್ತಿ ತುಂಬಿದ ತಣ್ಣೀರಿನಿಂದ ಪರೀಕ್ಷಿಸುತ್ತಾರೆ. ನೀರು ಒತ್ತಡಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ. ಹಾಗಾಗಿ ತಗಡು ಬಿರಿದರೂ ನೀರು ಸೋರುವುದೇ ಹೊರತು ಉಗಿಯಂತೆ ಸಿಡಿಯುವುದಿಲ್ಲ.

ಒಂದು ಉಕ್ಕಿನ ಗುಂಡು

ಆದರೆ ವಸ್ತುವನ್ನು ಜಂಗಿನಿಂದ ಕಾಪಾಡಿದ ಮಾತ್ರಕ್ಕೆ ಸಂರಕ್ಷಣೆ ಮುಗಿಯಿತೆ? ಒಂದು ಉದಾಹರಣೆಯಿಂದ ಇದನ್ನು ವಿಚಾರಿಸೋಣ. ಭಾರತದ ಒಂಟಿ ಹಳಿಯ ಮಾರ್ಗಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟೋಕನ್ ಎಂಬುದೊಂದು ಉಕ್ಕಿನ ಗುಂಡು. ಕೈಯಲ್ಲಿ ಹಿಡಿಯುವಷ್ಟು ಗಾತ್ರ. ಮೇಲೆ ಎರಡು ನಿಲ್ದಾಣಗಳ ಹೆಸರು. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ನೋಡುವವರು ಕ್ಷಣಮಾತ್ರ ನೋಡಿ ಮುಂದೆ ಹೋಗುತ್ತಾರೆ.

ಅದರ ಕೆಲಸವನ್ನು ತಿಳಿದರೆ ದೃಷ್ಟಿ ಬದಲಾಗುತ್ತದೆ. ಒಂಟಿ ಹಳಿಯ ಮೇಲೆ ಎರಡು ಕಡೆಗಳಿಂದ ಬಂಡಿಗಳು ಎದುರುಬದುರಾಗಿ ಬಂದರೆ ಅನಾಹುತ ನಿಶ್ಚಯ. ಇದನ್ನು ತಡೆಯಲು ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರವನ್ನಿಟ್ಟು ಅವನ್ನು ವಿದ್ಯುತ್ ತಂತಿಯಿಂದ ಜೋಡಿಸುತ್ತಿದ್ದರು. ಗುಂಡುಗಳು ಈ ಯಂತ್ರಗಳ ಹೊಟ್ಟೆಯಲ್ಲಿರುತ್ತಿದ್ದವು. ಆಚೆಯ ಸ್ಟೇಷನ್ ಮಾಸ್ತರರು ಸಮ್ಮತಿಸಿ ತಮ್ಮ ಯಂತ್ರದಿಂದ ವಿದ್ಯುತ್ ಸಂಕೇತ ಕಳಿಸಿದ ಹೊರತು ಈಚೆಯ ಯಂತ್ರದಿಂದ ಗುಂಡು ಹೊರಬರದು. ಒಂದು ಗುಂಡು ಹೊರಬಂದರೆ, ಅದು ಎರಡರಲ್ಲಿ ಒಂದು ಯಂತ್ರದೊಳಗೆ ಮತ್ತೆ ಬೀಳುವವರೆಗೆ ಎರಡನೆಯದು ಯಾವ ಕಡೆಯಿಂದಲೂ ಹೊರಬರದು. ಗುಂಡು ಕೈಗೆ ಬಾರದೆ ಡ್ರೈವರು ಬಂಡಿ ಬಿಡುವಂತಿಲ್ಲ. ನಿಲ್ಲದೆ ಸಾಗುವ ಬಂಡಿಗಾಗಿ ಗುಂಡನ್ನು ಚೀಲದಲ್ಲಿಟ್ಟು, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಎಂಜಿನ್ನಿನವರು ತೋಳಿನಿಂದಲೇ ಹಿಡಿದುಕೊಳ್ಳುವಂತೆ ಎತ್ತಿ ಕೊಡುತ್ತಿದ್ದರು.

ಈಗ ನೋಡಿ: ಆ ಗುಂಡು ಬರಿಯ ಉಕ್ಕಲ್ಲ, ನೂರಾರು ಪ್ರಯಾಣಿಕರ ಪ್ರಾಣಕ್ಕೆ ಕೊಟ್ಟ ಭರವಸೆ. ಆದರೆ ಈ ವಿವರಣೆಯಲ್ಲಿ ಒಂದಕ್ಷರವೂ ಗುಂಡಿನ ಮೇಲೆ ಬರೆದಿಲ್ಲ. ಅದು ಕೆಲಸ ಮಾಡಿದವರ ನೆನಪಿನಲ್ಲಿದೆ, ಕೆಲವು ಕೈಪಿಡಿಗಳಲ್ಲಿದೆ. ಉಳಿದ ಸಲಕರಣೆಗಳ ಸಂಗತಿಯೂ ಇದೇ. ಕಲ್ಲಿದ್ದಲನ್ನು ಯಾವ ಹದದಲ್ಲಿ ಹರಡಬೇಕು, ಚಕ್ರದ ಸದ್ದಿನಿಂದ ಯಾವ ದೋಷವನ್ನು ಗುರುತಿಸಬೇಕು—ಇಂತಹ ತಿಳಿವು ಕೈಯಿಂದ ಕೈಗೆ ಬಂದದ್ದು. ಬರಹಕ್ಕೆ ಬಂದದ್ದು ಕಡಮೆ.

ಕೆನಡಾದ ನಿದರ್ಶನ

ಈ ಕೆಲಸವನ್ನು ಜನರೇ ಮುಂದೆ ನಿಂತು ನಡೆಸಬಹುದೆಂಬುದಕ್ಕೆ ಕೆನಡಾ ದೇಶವು ಒಳ್ಳೆಯ ನಿದರ್ಶನ. ಪೂರ್ವದಿಂದ ಪಶ್ಚಿಮಕ್ಕೆ ಆ ವಿಶಾಲ ದೇಶವನ್ನು ಹೊಲಿದ ಕೆನಡಿಯನ್ ಪೆಸಿಫಿಕ್ ಮಾರ್ಗದ ಕೊನೆಯ ಮೊಳೆಯನ್ನು ಬಡಿದದ್ದು 1885ರ ನವೆಂಬರ್ 7ರಂದು. ನಮ್ಮಲ್ಲಿ ಸದರ್ನ್ ಮರಾಠಾ ರೈಲ್ವೆಯು ಕಂಬಿ ಹಾಸುತ್ತಿದ್ದ ಕಾಲವೂ ಅದೇ. ರೈಲಿನ ಇತಿಹಾಸದಲ್ಲಿ ಆಸಕ್ತಿಯುಳ್ಳವರು 1932ರಲ್ಲಿ ಅಲ್ಲಿ ಒಂದು ಸಂಘ ಕಟ್ಟಿದರು. ಮಾಂಟ್ರಿಯಲ್ ನಗರದ ಹತ್ತಿರ, ಸೇಂಟ್ ಕಾನ್‌ಸ್ಟಂಟಿನಲ್ಲಿ, ಆ ಸಂಘದ ವಸ್ತುಸಂಗ್ರಹಾಲಯವು 1961ರಲ್ಲಿ ಸ್ಥಾಪಿತವಾಯಿತು. ಎಕ್ಸ್‌ಪೋರೈಲ್ ಎಂಬ ಹೆಸರಿನ ಆ ಸಂಸ್ಥೆಯಲ್ಲಿ ಎಂಜಿನ್ನು, ಗಾಡಿ, ಟ್ರಾಮುಗಳೊಡನೆ ಕಾಗದಪತ್ರಗಳನ್ನೂ ನಕ್ಷೆಗಳನ್ನೂ ಛಾಯಾಚಿತ್ರಗಳನ್ನೂ ಕಾಪಾಡಿದ್ದಾರೆ. ವಸ್ತುವಿನ ಬಳಿಯಲ್ಲಿ ಅದರ ಕಥೆಯೂ ಇರಬೇಕೆಂಬುದನ್ನು ಅವರು ಕಂಡುಕೊಂಡಿದ್ದಾರೆ.

ವಿದ್ಯಾರ್ಥಿಗಳಿಂದ ಆಗಬಹುದಾದುದು

ಹುಬ್ಬಳ್ಳಿಯು ರೈಲ್ವೆಯವರ ಊರು. ಮೀಟರ್‌ಗೇಜಿನ ಕಾಲದಲ್ಲಿ ಇಲ್ಲಿ ದುಡಿದು ನಿವೃತ್ತರಾದ ಫಿಟ್ಟರುಗಳು, ಗಾರ್ಡುಗಳು, ಡ್ರೈವರುಗಳು, ಪಾಯಿಂಟ್ಸ್‌ಮನ್ನರು ಇನ್ನೂ ನಮ್ಮ ನಡುವೆ ಇದ್ದಾರೆ. ವರ್ಷ ಕಳೆದಂತೆ ಅವರ ಸಂಖ್ಯೆ ಕುಗ್ಗುತ್ತಿದೆ. ಅವರ ಅರಿವನ್ನು ಕಾಪಾಡಲು ಚಾವಣಿಯೂ ಬೇಡ, ಬಣ್ಣವೂ ಬೇಡ. ಒಂದು ನೋಟುಪುಸ್ತಕ, ಸಾಧ್ಯವಾದರೆ ಒಂದು ಧ್ವನಿಮುದ್ರಣ ಯಂತ್ರ, ಅದಕ್ಕಿಂತ ಹೆಚ್ಚಾಗಿ ತಾಳ್ಮೆ ಸಾಕು. ನಿಮ್ಮ ಮನೆಯಲ್ಲಿಯೋ ಓಣಿಯಲ್ಲಿಯೋ ಅಂತಹ ಹಿರಿಯರಿದ್ದರೆ, ಮೊದಲು ಸಂಗ್ರಹಾಲಯಕ್ಕೆ ಹೋಗಿ ಒಂದು ಸಲಕರಣೆಯನ್ನು ಆರಿಸಿಕೊಳ್ಳಿ. ಅದನ್ನು ಹೇಗೆ ಹಿಡಿಯುತ್ತಿದ್ದಿರಿ, ಕೆಟ್ಟರೆ ಏನು ಮಾಡುತ್ತಿದ್ದಿರಿ, ಮಳೆಗಾಲದಲ್ಲಿ ಏನು ತೊಡಕಾಗುತ್ತಿತ್ತು ಎಂದು ಅವರನ್ನು ಕೇಳಿರಿ. ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆಯಿರಿ, ದಿನಾಂಕವನ್ನೂ ಹಾಕಿರಿ. ಉಕ್ಕಿನ ಗುಂಡನ್ನು ಸಂಗ್ರಹಾಲಯದವರು ಕಾಪಾಡುತ್ತಾರೆ. ಅದನ್ನು ಹಿಡಿದ ಕೈಗಳ ಮಾತನ್ನು ಕಾಪಾಡುವ ಕೆಲಸ ನಮಗೆಲ್ಲರಿಗೂ ಸೇರಿದ್ದು.