ಗಣಕಯಂತ್ರಕ್ಕೊಂದು ಸಾಮಾನಿನ ಯಾದಿ

ನಮ್ಮ ಕಾಲೇಜಿಗೆ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲೊಬ್ಬನು ಪ್ರಬಂಧ ಬರೆಯಲು ಕನ್ನಡದ ಹೊಸ ಅಕ್ಷರಶೈಲಿಯೊಂದನ್ನು ಅಂತರ್ಜಾಲದಲ್ಲಿ ಹುಡುಕಿದನು. ಎದುರಿಗೆ ಕಂಡ ಮೊದಲ ಹಸಿರು ಗುಂಡಿಯನ್ನು ಒತ್ತಿದನು. ಅಕ್ಷರಗಳು ಬರಲಿಲ್ಲ, ಬಂದುದು ಜಾಹೀರಾತುಗಳ ಹಾವಳಿ. ಕೊನೆಗೆ ಯಂತ್ರದಲ್ಲಿದ್ದುದನ್ನೆಲ್ಲ ಅಳಿಸಬೇಕಾಯಿತು. ಅದರೊಡನೆ ಆರು ತಿಂಗಳ ಟಿಪ್ಪಣಿಗಳೂ ಹೋದವು. ಅವನ ಗೆಳೆಯನಾದರೋ, ಉಬುಂಟು ಅಳವಡಿಸಿದ ತನ್ನ ಯಂತ್ರದಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ’ ಎಂಬ ಒಂದೇ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿ, ‘ಗುಬ್ಬಿ’ ಎಂಬ ಕನ್ನಡ ಅಕ್ಷರಶೈಲಿಯನ್ನು ಪಡೆದನು. “ಸರ, ಇದನ್ನ ನಾವೆಲ್ಲಾರೂ ಕಲೀಬೇಕೇನ್ರಿ?” ಎಂದು ಮೊದಲಿನವನು ಕೇಳಿದನು. ವಿಚಾರಮಾಡತಕ್ಕ ಪ್ರಶ್ನೆಯಿದು.

ಆ ಸಾಲನ್ನು ಓದಿ ಕೆಲಸ ಮಾಡಿದ ತಂತ್ರಾಂಶಕ್ಕೆ ‘ಪ್ಯಾಕೇಜ್ ಮ್ಯಾನೇಜರ್’ ಎಂದು ಹೆಸರು. ಮದುವೆಮನೆಯ ಉಗ್ರಾಣವನ್ನು ನೋಡಿಕೊಳ್ಳುವವನನ್ನು ನೆನೆದರೆ ಇದರ ಸ್ವರೂಪವು ತಿಳಿಯುತ್ತದೆ. ಹೋಳಿಗೆ ಆಗಬೇಕೆಂದರೆ ಅವನು ಕಡಲೆಬೇಳೆ, ಬೆಲ್ಲ, ಏಲಕ್ಕಿಗಳನ್ನು ತಾನೇ ಹೊಂದಿಸುತ್ತಾನೆ. ಏನು ಬಂತು, ಏನು ಹೋಯಿತು ಎಂಬ ಲೆಕ್ಕವನ್ನೂ ಇಡುತ್ತಾನೆ. ತಂತ್ರಾಂಶವೂ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುವುದಿಲ್ಲ; ಅದಕ್ಕೆ ಬೇರೆ ತಂತ್ರಾಂಶಗಳ ಆಸರೆ ಬೇಕು. ಪ್ಯಾಕೇಜ್ ಮ್ಯಾನೇಜರ್ ಆ ಆಸರೆಗಳನ್ನೆಲ್ಲ ಹುಡುಕಿ ತರುತ್ತದೆ, ಯಾವ ಕಡತವು ಎಲ್ಲಿ ಸೇರಿತೆಂಬುದನ್ನು ಬರೆದಿಡುತ್ತದೆ, ಹೊಸ ಆವೃತ್ತಿ ಬಂದಾಗ ಎಲ್ಲವನ್ನೂ ಒಮ್ಮೆಗೇ ನವೀಕರಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ಪರೀಕ್ಷೆ. ನಮ್ಮ ರೈತರು ಪ್ರಮಾಣಿತ ಬೀಜವನ್ನು ಕೊಳ್ಳುವಾಗ ಚೀಲದ ನೀಲಿ ಚೀಟಿಯನ್ನು ನೋಡುತ್ತಾರಲ್ಲವೆ? ಹಾಗೆಯೇ ತಂತ್ರಾಂಶದ ಉಗ್ರಾಣವೂ ಪ್ರತಿಯೊಂದು ಕಡತದಿಂದ ಗಣಿತದ ಮೂಲಕ 256 ಬಿಟ್ಟುಗಳ ಸಂಖ್ಯೆಯೊಂದನ್ನು ಪಡೆದು, ಆ ಸಂಖ್ಯೆಗಳ ಪಟ್ಟಿಗೆ ತನ್ನ ಡಿಜಿಟಲ್ ಸಹಿಯನ್ನು ಹಾಕಿರುತ್ತದೆ. ಕಡತದ ಒಂದಕ್ಷರವು ಬದಲಾದರೂ ಸಂಖ್ಯೆಯು ಬೇರೆಯಾಗುತ್ತದೆ. ನಮ್ಮ ಯಂತ್ರವು ತಾನೇ ಲೆಕ್ಕಮಾಡಿ ತಾಳೆನೋಡಿ, ಹೊಂದದಿದ್ದರೆ ಕಡತವನ್ನು ತಿರಸ್ಕರಿಸುತ್ತದೆ. ಹಸಿರು ಗುಂಡಿಯನ್ನು ಒತ್ತಿದವನಿಗೆ ಇಂಥ ಕಾವಲುಗಾರನು ಇರಲಿಲ್ಲ.

ಡೆಬಿಯನ್ ಬಳಗವು 1998ರಲ್ಲಿ ಹೊರತಂದ ‘ಆಪ್ಟ್’ ಈ ಜಾತಿಯ ಪ್ರಸಿದ್ಧ ಸಾಧನ. ಮ್ಯಾಕ್ ಯಂತ್ರಗಳಿಗೆ 2009ರಲ್ಲಿ ‘ಹೋಮ್‌ಬ್ರೂ’ ಬಂದಿತು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸಿಗಾಗಿ ‘ವಿನ್‌ಗೆಟ್’ ಅನ್ನು 2020ರಲ್ಲಿ ಪ್ರಕಟಿಸಿತು.

ಅಂದಮೇಲೆ ಎಲ್ಲರೂ ಆಜ್ಞೆಗಳನ್ನು ಟೈಪು ಮಾಡಲೇಬೇಕೆ? ಇಲ್ಲ. ಮೊಬೈಲಿನ ಪ್ಲೇ ಸ್ಟೋರ್ ಕೂಡ ಇದೇ ಕುಲದ್ದು. ಅಲ್ಲಿ ಆಜ್ಞೆಗೆ ಬದಲು ಚಿತ್ರಗಳಿವೆ, ಅಷ್ಟೆ. ಕಿರಾಣಿ ಅಂಗಡಿಯಲ್ಲಿ ಒಂದು ಸಾಬೂನು ಬೇಕಾದರೆ ಬೆರಳುಮಾಡಿ ತೋರಿಸಿದರೆ ಸಾಕು. ಮದುವೆಯ ಸಾಮಾನಿಗಾದರೆ ಯಾದಿ ಬರೆಯಲೇಬೇಕು. ಆಜ್ಞೆಯ ಸಾಲು ಇಂಥ ಯಾದಿ. ಪ್ರಯೋಗಾಲಯದ ಇಪ್ಪತ್ತು ಯಂತ್ರಗಳಿಗೆ ಒಂದೇ ಬಗೆಯ ತಂತ್ರಾಂಶಗಳು ಬೇಕಾದಾಗ ಒಂದು ಯಾದಿಯನ್ನು ಇಪ್ಪತ್ತು ಸಲ ಬಳಸಬಹುದು. ಯಂತ್ರ ಕೆಟ್ಟರೆ ಅದೇ ಯಾದಿಯಿಂದ ಮತ್ತೆ ಕಟ್ಟಬಹುದು.

ಆದರೆ ಉಗ್ರಾಣವೂ ದೋಷಾತೀತವಲ್ಲ. 2024ರ ಮಾರ್ಚಿನಲ್ಲಿ ‘ಎಕ್ಸ್‌ಜಡ್’ ಎಂಬ ತಂತ್ರಾಂಶದಲ್ಲಿ ದುರುದ್ದೇಶದ ಸಂಕೇತವು ಅಡಗಿರುವುದು ಬಯಲಾಯಿತು. ಅದು ಡೆಬಿಯನ್ನಿನ ಪರೀಕ್ಷಾ ಆವೃತ್ತಿಯವರೆಗೆ ನುಸುಳಿತ್ತು. ಜನಬಳಕೆಯ ಸ್ಥಿರ ಆವೃತ್ತಿಯನ್ನು ತಲುಪಿರಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರನು ದೂರದ ಯಂತ್ರವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ತಗಲುವುದನ್ನು ಗಮನಿಸಿ, ಬೆನ್ನುಹತ್ತಿ ಇದನ್ನು ಪತ್ತೆಹಚ್ಚಿದನು. ಅಳತೆಯಲ್ಲಿ ಕಂಡ ಸಣ್ಣ ವ್ಯತ್ಯಾಸವನ್ನು ಅಲಕ್ಷಿಸಬಾರದೆಂಬ ಭೌತಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಇನ್ನೊಂದು ಎಚ್ಚರಿಕೆ. ‘ಸುಡೊ’ ಎಂಬುದು ಯಂತ್ರದ ಮೇಲೆ ಪೂರ್ಣಾಧಿಕಾರವನ್ನು ಕೊಡುವ ಶಬ್ದ. ಅರ್ಥ ತಿಳಿಯದ ಸಾಲನ್ನು ಎಲ್ಲಿಂದಲೋ ನಕಲುಮಾಡಿ ಅದರೊಡನೆ ಸೇರಿಸುವುದು, ಓದದ ಕಾಗದಕ್ಕೆ ಸಹಿ ಹಾಕಿದಂತೆ.

ಹಾಗಾದರೆ ಆ ವಿದ್ಯಾರ್ಥಿಗೆ ಉತ್ತರವೇನು? ಪತ್ರ ಬರೆಯಲು, ಚಿತ್ರ ನೋಡಲು ಮಾತ್ರ ಯಂತ್ರವನ್ನು ಬಳಸುವವರಿಗೆ ಆಜ್ಞೆಯ ಸಾಲು ಅನಿವಾರ್ಯವಲ್ಲ. ನಂಬಿಕೆಯ ಉಗ್ರಾಣವು ಮಾತ್ರ ಅನಿವಾರ್ಯ. ವಿಜ್ಞಾನವನ್ನು ಓದುವ ನೀವು ಹುಡುಕುವುದು, ಅಳವಡಿಸುವುದು, ನವೀಕರಿಸುವುದು, ತೆಗೆಯುವುದು ಎಂಬ ನಾಲ್ಕು ಆಜ್ಞೆಗಳನ್ನಾದರೂ ಕಲಿಯಿರಿ. ಒಂದು ಸಂಜೆಯ ಕೆಲಸವದು. ಆ ಹುಡುಗನು ಕಲಿತಿದ್ದಾನೆ. ಟಿಪ್ಪಣಿಗಳ ಪ್ರತಿಯೊಂದನ್ನು ಬೇರೆಡೆ ಇಡುವುದನ್ನೂ ಕಲಿತಿದ್ದಾನೆ.